ಭಾವನ ಬೈಸೆಪ್ಸೂ ಮೂಲ್ಕಿಯ ಅಲೆಯೂ

ಸರ್ಫಿಂಗ್ ಅಂದರೆ ಹಲಗೆ ಮೇಲೆ ನಿಲ್ಲುವ ಆಟ ಅಂತ ನಂಬಿದವರ ಪೈಕಿ ನಮ್ಮ ಭಾವನೂ ಒಬ್ಬರು. ವಯಸ್ಸು ನಲವತ್ತಾರು, ನೌಕರಿ ಬೆಂಗಳೂರಿನ ಸಾಫ್ಟ್‌ವೇರ್‌ನಲ್ಲಿ. ಸಮುದ್ರದ ಪರಿಚಯ ಮಲ್ಪೆಯಲ್ಲಿ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ. ಮೊಬೈಲಿನಲ್ಲಿ ಯಾರೋ ಅಲೆಯ ನೆತ್ತಿಯಿಂದ ಜಾರಿದ್ದನ್ನು ನೋಡಿದ್ದೇ ತಡ, ಮೂಲ್ಕಿಗೆ ಹೋಗಿ ಕಲಿತೇ ತೀರುತ್ತೇನೆ ಎಂದು ಸಾರಿ ಜಿಮ್ ಸೇರಿದರು. ಅಲ್ಲಿ ಬೆಳೆಸುತ್ತಿರುವುದೇನು? ಬೈಸೆಪ್ಸ್. ಅದೂ ಕನ್ನಡಿ ಎದುರು.

"ಭಾವ, ತೋಳು ತೋರಿಸಿದರೆ ಅಲೆ ಹೆದರುತ್ತಾ?" ಅಂದೆ.

"ನಿಂಗೇನೋ ಗೊತ್ತು? ಸರ್ಫರ್ ಕೆಲ್ಲಿ ಸ್ಲೇಟರ್ 2022ರಲ್ಲಿ ಪೈಪ್‌ಲೈನ್ ಸ್ಪರ್ಧೆ ಗೆದ್ದಾಗ ಐವತ್ತು ತುಂಬೋಕೆ ಕೆಲವೇ ದಿನ ಇತ್ತು ಕಣೋ!"

ಗೆದ್ದದ್ದು ನಿಜ. ಆದರೆ ಆ ಮಹಾರಾಯ ಫ್ಲಾರಿಡಾದ ಕೋಕೋ ಬೀಚಿನಲ್ಲಿ ಚಿಕ್ಕಂದಿನಿಂದ ನೀರಲ್ಲೇ ಬೆಳೆದವನು. 1992ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಪಡೆದಾಗ ಅವನಿಗೆ 20. ಆ ವಯಸ್ಸಿನಲ್ಲಿ ಭಾವ ಗೆದ್ದದ್ದು ಹಾಸ್ಟೆಲಿನ ಕೇರಂ.

ಸರ್ಫರ್‌ಗಳು ನೀರಿನಲ್ಲಿ ಏನೇನು ಮಾಡುತ್ತಾರೆಂದು ಗಡಿಯಾರ ಹಿಡಿದು ಲೆಕ್ಕ ಹಾಕಿದವರಿದ್ದಾರೆ. ಹೊತ್ತಿನ ಸುಮಾರು ಅರ್ಧ ಭಾಗ ಬೋರಲು ಮಲಗಿ ಕೈಯಲ್ಲಿ ನೀರು ತಳ್ಳುವುದಕ್ಕೆ, ಅಂದರೆ ಪ್ಯಾಡಲ್ ಮಾಡುವುದಕ್ಕೆ ಹೋಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ಹಲಗೆ ಮೇಲೆ ಕೂತು ಅಲೆ ಕಾಯುವುದಕ್ಕೆ. ಎದ್ದು ನಿಂತು ಸವಾರಿ ಮಾಡುವುದು ನೂರರಲ್ಲಿ 10 ಪಾಲೂ ಇಲ್ಲ. ಮಲಗುವುದು, ಕೂರುವುದು, ಎಲ್ಲೋ ಒಮ್ಮೆ ಏಳುವುದು. ಭಾವನ ಭಾನುವಾರಕ್ಕೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿಲ್ಲ ಅಂತ ಅಕ್ಕನೂ ಒಪ್ಪಿದಳು.

ಎಡವಟ್ಟಿರುವುದು ಮಲಗುವ ರೀತಿಯಲ್ಲಿ. ಎದೆ ಮೇಲೆತ್ತಿ, ಕತ್ತು ನೆಟ್ಟಗೆ ಮಾಡಿ, ಹೆಚ್ಚುಕಡಿಮೆ ಭುಜಂಗಾಸನದಲ್ಲೇ ಇದ್ದು, ಎಡಗೈ ಬಲಗೈ ಒಂದಾದ ಮೇಲೊಂದು ಬೀಸುತ್ತಲೇ ಇರಬೇಕು. ಇಡೀ ವಾರ ಲ್ಯಾಪ್‌ಟಾಪಿಗೆ ಬಾಗಿ ನಮಸ್ಕರಿಸಿದ ಬೆನ್ನಿಗೆ ಇದೆಂಥ ಶಿಕ್ಷೆ ನೋಡಿ. ಇಲ್ಲಿ ದುಡಿಯುವುದು ಬೆನ್ನಿನ ಎರಡು ಪಕ್ಕದ ಅಗಲ ಸ್ನಾಯುಗಳು, ಹೆಗಲ ಹಿಂಭಾಗ, ಬೆನ್ನೆಲುಬಿನ ಉದ್ದಕ್ಕೂ ಇರುವ ಸಣ್ಣಪುಟ್ಟ ಸ್ನಾಯುಗಳು. ಇವ್ಯಾವೂ ಕನ್ನಡಿಯಲ್ಲಿ ಕಾಣುವುದಿಲ್ಲ, ಹಾಗಾಗಿ ಭಾವನ ಪಟ್ಟಿಯಲ್ಲೂ ಇಲ್ಲ. ಬಾಗಿಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಹಿಂದಕ್ಕೆ ಎಳೆಯಿರಿ, ಈಜುಕೊಳದಲ್ಲಿ ಫ್ರೀಸ್ಟೈಲ್ ಹೊಡೆಯಿರಿ ಅಂದರೆ, "ಅದರಲ್ಲಿ ಪಂಪ್ ಬರಲ್ಲ, ತೋಳು ಉಬ್ಬಲ್ಲ" ಅನ್ನುತ್ತಾರೆ.

ಇನ್ನು ಏಳುವ ಕಥೆ. ಅಲೆ ಹಲಗೆಯನ್ನು ಎತ್ತಿದ ಕ್ಷಣಕ್ಕೆ ಅಂಗೈಗಳನ್ನು ಎದೆಯ ಪಕ್ಕ ಊರಿ, ಒಂದೇ ನೆಗೆತಕ್ಕೆ ಎರಡೂ ಪಾದ ಮೈಯಡಿಗೆ ತರಬೇಕು. ಪಾಪ್ ಅಪ್ ಎನ್ನುವುದು ಇದನ್ನೇ. ಭಾವ ಹಾಲ್‌ನಲ್ಲಿ ಚಾಪೆ ಹಾಸಿ ಅಭ್ಯಾಸ ಮಾಡುತ್ತಾರೆ. ಮೊದಲು ಒಂದು ಮೊಣಕಾಲು ಊರುತ್ತಾರೆ, ಆಮೇಲೆ ದೇವರನ್ನು ನೆನೆಯುತ್ತಾರೆ, ಆಮೇಲೆ ಇನ್ನೊಂದು ಮೊಣಕಾಲು. ಅಷ್ಟರಲ್ಲಿ ಅಲೆ ದಡ ಮುಟ್ಟಿ ಮಂಗಳೂರು ಬಸ್ಸು ಹತ್ತಿರುತ್ತದೆ. ಬೇಕಾದದ್ದು ಸೊಂಟದ, ಪಾದದ ಕೀಲಿನ ಸಡಿಲ. ಈಳಿಗೆಮಣೆ ಮೇಲೆ ಮೊಣಕಾಲೆತ್ತಿ ಕೂತು ಹಲಸಿನಕಾಯಿ ಹೆಚ್ಚುತ್ತಿದ್ದ ನಮ್ಮಜ್ಜಿಗೆ ಅದು ಧಾರಾಳವಾಗಿತ್ತು. ಹಲಗೆ ಕೊಟ್ಟಿದ್ದರೆ ಸೆರಗು ಸಿಕ್ಕಿಸಿ ನಿಂತೇ ಬಿಡುತ್ತಿದ್ದಳೇನೋ. ಕಮೋಡು, ಡೈನಿಂಗ್ ಟೇಬಲ್ಲುಗಳ ಕಾಲದ ನಾವು ಕುಕ್ಕರಗಾಲಲ್ಲಿ ಕೂರಲು ಜಿಮ್ಮಿಗೆ ಕಾಸು ಕೊಡುತ್ತೇವೆ.

ಯೋಗಕ್ಕೂ ಅಲೆಗೂ ಮೂಲ್ಕಿಯಲ್ಲಿ ನಂಟು ಬೆಳೆದದ್ದು ಆಶ್ರಮದಲ್ಲಿ. ಅಮೆರಿಕದಿಂದ ಬಂದ ಜಾಕ್ ಹೆಬ್ನರ್, ಜನರ ಬಾಯಲ್ಲಿ 'ಸರ್ಫಿಂಗ್ ಸ್ವಾಮಿ', 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ಜಪವೂ ಉಂಟು, ಸರ್ಫಿಂಗೂ ಉಂಟು. ಊಟ ಮಾತ್ರ ಸಸ್ಯಾಹಾರ. ಮೂಲ್ಕಿ ಅಂದಾಗ ಭಾವನ ಕಣ್ಮುಂದೆ ಬಂದದ್ದು ಅರ್ಧ ಅಲೆ, ಅರ್ಧ ಬಂಗುಡೆ ಫ್ರೈ. ಈ ಸುದ್ದಿ ತಿಳಿದ ದಿನ ಜಿಮ್ಮಿಗೆ ಚಕ್ಕರ್.

ಈಜು ಕಲಿಯಿರಿ ಅಂದರೂ ವಾದ. "ಹಲಗೆಗೂ ಕಾಲಿಗೂ ಲೀಶ್ ಕಟ್ಟಿರ್ತಾರಲ್ಲೋ!" ಕಟ್ಟಿರುತ್ತಾರೆ ಭಾವ, ಅದು ತುಂಡಾಗುವುದೂ ಉಂಟು. ಅದು ಬಿಟ್ಟು ಇವರು ಯಾವುದೋ ವಿಡಿಯೊ ನೋಡಿ ನೀರಿನಲ್ಲಿ ಮುಳುಗಿ ಉಸಿರು ಬಿಗಿಹಿಡಿಯುವ ಸಾಧನೆಗೆ ಹೊರಟಾಗ ಮಾತ್ರ ನಾನು ತಮಾಷೆ ನಿಲ್ಲಿಸಿದೆ. ಕೊಳದಲ್ಲಿ ಒಬ್ಬರೇ ಹಾಗೆ ಮಾಡಿದರೆ ಸುಳಿವೇ ಕೊಡದೆ ಪ್ರಜ್ಞೆ ತಪ್ಪಬಹುದು. ಒಳ್ಳೇ ಈಜುಗಾರರೇ ಹೀಗೆ ಹೋಗಿದ್ದಾರೆ.

ಈಗ ಉಳಿದಿರುವುದು ಒಂದೇ ಪೇಚು. ನಮ್ಮ ಕರಾವಳಿಯಲ್ಲಿ ಹೊಸಬರಿಗೆ ಒಗ್ಗುವ ಸಣ್ಣ ಅಲೆಗಳು ಬರುವುದು ಮಳೆಗಾಲ ಕಳೆದ ಮೇಲೆ. ಜೂನ್, ಜುಲೈನ ಕಡಲು ಪಳಗಿದವರನ್ನೂ ಒಂದು ಕೈ ನೋಡಿಕೊಳ್ಳುತ್ತದೆ. ಭಾವ ರಜೆ ಹಾಕಿ, ರೈಲಿನ ಟಿಕೆಟ್ಟನ್ನೂ ಮಾಡಿಸಿಟ್ಟಿರುವುದು ಜುಲೈಗೆ. ಇದನ್ನು ಅವರಿಗೆ ಯಾರು ಹೇಳುವುದು? ನಾನು ಅಕ್ಕನ ಕಡೆ ನೋಡುತ್ತಿದ್ದೇನೆ, ಅಕ್ಕ ನನ್ನ ಕಡೆ.