ಅಭಿಜಿತ್ ಮಳೆ: ಬೀರೂರು ಸೀಮೆಯ ಇಪ್ಪತ್ತೆಂಟನೇ ನಕ್ಷತ್ರದ ಬಗ್ಗೆ ಒಂದು ಶೋಧ

ಬಯಲುಸೀಮೆಯ ರೈತನ ಮಳೆ ಲೆಕ್ಕದಲ್ಲಿ ನಕ್ಷತ್ರಗಳು ಇಪ್ಪತ್ತೇಳು. ಹಿಂದೆ ಇಪ್ಪತ್ತೆಂಟಿದ್ದವು, ಅಭಿಜಿತ್ ಎಂಬುದೊಂದು ಯಾವ ಕಾಲದಲ್ಲೋ ಪಟ್ಟಿಯಿಂದ ಬಿಟ್ಟುಹೋಯಿತು. ಅದೆಲ್ಲಿ ಹೋಯಿತೆಂದು ಪಂಡಿತರು ಆಕಾಶವನ್ನೆಲ್ಲ ಜಾಲಾಡಿದ್ದಾರೆ, ಕಡತಗಳನ್ನು ಮಾತ್ರ ಬಿಚ್ಚಿ ನೋಡಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಸರಳವಾದದ್ದು: ಅಭಿಜಿತ್ ಎಲ್ಲಿಗೂ ಹೋಗಿಲ್ಲ, ಬೀರೂರು ಸೀಮೆಯಲ್ಲೇ ಇದೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಹುಲ್ಲು, ನೀರು, ಮರಗಳ ಉಸ್ತುವಾರಿ ಹೊತ್ತ ಇಲಾಖೆಗಳ ಮೇಲೆ ಪ್ರತಿವರ್ಷ ಮಾರ್ಚ್ ಕೊನೆಯ ವಾರ ಟೆಂಡರು, ಕಾರ್ಯಾದೇಶ, ಬಿಲ್ಲುಗಳ ರೂಪದಲ್ಲಿ ಅದು ಸುರಿಯುತ್ತದೆ. ಬಾಬಾಬುಡನ್‌ಗಿರಿ ಸಾಲು ಮುಂಗಾರಿನ ಬಹುಪಾಲನ್ನು ತಾನೇ ಇಟ್ಟುಕೊಂಡು ಪೂರ್ವಕ್ಕೆ ಬರೀ ಗಾಳಿ ಕಳಿಸುವುದರಿಂದ ಕಡೂರಿನ ಕಡೆ ಆರಿದ್ರ ಕೈಕೊಡಬಹುದು, ಮಖೆ ಮುನಿಯಬಹುದು, ಹುಬ್ಬೆ ದಾರಿ ತಪ್ಪಬಹುದು. ಅಭಿಜಿತ್ ಕೈಕೊಡುವುದಿಲ್ಲ. ಒಂದೇ ಒಂದು ಅಪವಾದವುಂಟು, ಅದಕ್ಕೆ ಆಮೇಲೆ ಬರೋಣ.

ಮೊದಲು ಖಗೋಳದ ಪ್ರಮಾಣ. ಪಂಚಾಂಗದವರು ಎತ್ತುವ ಆಕ್ಷೇಪ ಹೀಗಿರುತ್ತದೆ: ಮಾರ್ಚ್ 31ರ ಸುಮಾರಿಗೆ ಸೂರ್ಯ ಕಾಲಿಡುವುದು ರೇವತಿಗೆ; ಅಭಿಜಿತ್ತಿನ ಜಾಗ ಉತ್ತರಾಷಾಢದ ಕೊನೆಯ ಪಾದ ಮತ್ತು ಶ್ರವಣದ ಮೊದಲ ಚೂರು, ಅಂದರೆ ಜನವರಿ 21ರಿಂದ 25ರ ಆಸುಪಾಸು; ಎರಡು ತಿಂಗಳು ಹೆಚ್ಚುಕಮ್ಮಿಯಾದ ಮೇಲೆ ಇದು ಶೋಧವೂ ಅಲ್ಲ, ಸುಡುಗಾಡೂ ಅಲ್ಲ. ಆಕ್ಷೇಪ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ಆದರೆ ಆಕ್ಷೇಪಿಸುವವರು ಸೂರ್ಯಸಿದ್ಧಾಂತ ಓದಿದ್ದಾರೆಯೇ ಹೊರತು ಕೆ.ಟಿ.ಪಿ.ಪಿ. ಓದಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದು, ಅದರ ನಿಯಮಗಳು 2000ದವು. ಟೆಂಡರು ಪ್ರಕಟಿಸಿದ ದಿನದಿಂದ ಅರ್ಜಿ ಹಾಕಲು ಕೊಡಬೇಕಾದ ಕನಿಷ್ಠ ಕಾಲಾವಕಾಶವನ್ನು ಆ ನಿಯಮಗಳು ಮೂಲದಲ್ಲಿ 2 ಕೋಟಿ ರೂಪಾಯಿವರೆಗೆ 30 ದಿನ, ಅದಕ್ಕೆ ಮೇಲ್ಪಟ್ಟರೆ 60 ದಿನ ಎಂದು ಗೊತ್ತುಮಾಡಿದವು. ಈಗ ಓದುಗರೇ ಬೆರಳು ಮಡಚಿ ಎಣಿಸಲಿ. ಅಭಿಜಿತ್ತಿನ ನಟ್ಟನಡುವೆ, ಜನವರಿ 24ರಂದು, ಪ್ರಕಟಣೆ ಹೊರಟರೆ ಅರವತ್ತನೇ ದಿನ ಮಾರ್ಚ್ 25. ತಾಂತ್ರಿಕ ಲಕೋಟೆ ತೆರೆದು, ಆರ್ಥಿಕ ಲಕೋಟೆ ತೆರೆದು, ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವನು, ಯಾರೆಂದು ಗೊತ್ತಾಗಿ, ದರ ಒಪ್ಪಿ, ಕಾರ್ಯಾದೇಶಕ್ಕೆ ಸಹಿ ಬೀಳಲು ಉಳಿಯುವುದು ಆರು ದಿನ. ಬಸಿರು ಜನವರಿಯಲ್ಲಿ, ಹೆರಿಗೆ ಮಾರ್ಚಿನಲ್ಲಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಮೋಡದ ಗರ್ಭಧಾರಣೆ, ಪ್ರಸವಗಳ ಲೆಕ್ಕವಿದೆ; ಅಲ್ಲಿ 195 ದಿನ ಹಿಡಿಯುವುದನ್ನು ನಮ್ಮ ಇಲಾಖೆಗಳು 60ಕ್ಕೆ ಇಳಿಸಿವೆ. ಅಷ್ಟೂ ಕಾಯಲಾಗದವರಿಗೆ ಮೇಲಧಿಕಾರಿಯ ಲಿಖಿತ ಕಾರಣದೊಂದಿಗೆ ಅಲ್ಪಾವಧಿ ಟೆಂಡರಿನ ಅನುಕೂಲವೂ ಇದೆ. ಲಿಖಿತ ಕಾರಣ ಸಾಮಾನ್ಯವಾಗಿ ಒಂದೇ ಸಾಲಿನದು: ಆರ್ಥಿಕ ವರ್ಷ ಮುಗಿಯುತ್ತಿರುವುದರಿಂದ.

ಮಳೆಯೆಂದ ಮೇಲೆ ನೆಲಕ್ಕೆ ಹದವಾಗಬೇಕು, ಈ ಮಳೆಯಿಂದ ಏನು ಹದವಾಯಿತು ಎಂಬುದು ಎರಡನೇ ಆಕ್ಷೇಪ. ಇದಕ್ಕೆ ಕೊಂಚ ವಿವರವಾಗಿಯೇ ಉತ್ತರಿಸಬೇಕು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಕೃಷ್ಣಮೃಗಗಳಿರುವ ಅಪ್ಪಟ ಹುಲ್ಲುಗಾವಲು. ಅಂಥದೊಂದು ಕಾವಲನ್ನು, ಹೆಸರಿಲ್ಲದ ಒಂದು ಕಾವಲನ್ನು, ಮನಸ್ಸಿನಲ್ಲಿಟ್ಟುಕೊಳ್ಳೋಣ. ಸಿದ್ಧಾಂತಕ್ಕೆ ಯಾವ ವಲಯದ ಹಂಗೂ ಬೇಡ. ಹುಲ್ಲು ದೀಪಾವಳಿ ಕಳೆದ ಮೇಲೆ ಬಣ್ಣಗೆಡುತ್ತದೆ, ಸಂಕ್ರಾಂತಿಯ ಹೊತ್ತಿಗೆ ಬೀಡಿಯ ಕಿಡಿ ತಾಗಿದರೂ ಹತ್ತುತ್ತದೆ. ಆದ್ದರಿಂದ ಬೆಂಕಿ ರೇಖೆ, ಎಂದರೆ ಹುಲ್ಲನ್ನು ಪಟ್ಟಿಯಾಗಿ ಸವರಿ, ಕಾವಲಿದ್ದು ಸುಟ್ಟು, ಬೆಂಕಿ ದಾಟದ ಹಾಗೆ ಬಿಡುವ ಬರಿನೆಲದ ಗೆರೆ, ಡಿಸೆಂಬರ್-ಜನವರಿಯಲ್ಲೇ ಬೀಳಬೇಕು. ಅನುದಾನ ಮಾತ್ರ ಅಭಿಜಿತ್ತಿನದು. ಕಾರ್ಯಾದೇಶ ಬರುವಷ್ಟರಲ್ಲಿ ಕಾವಲು ತನ್ನಷ್ಟಕ್ಕೆ ತಾನು ಉರಿದು ಮುಗಿಸಿರುತ್ತದೆ. ಇದನ್ನು ವೈಫಲ್ಯವೆಂದು ಬರೆಯುವ ಪತ್ರಿಕೆಯವರು ಅಳತೆಯ ಶಾಸ್ತ್ರ ಅರಿಯದವರು. ಸುಟ್ಟ ಕಾವಲಿನಲ್ಲಿ ಟೇಪು ಹಿಡಿದು ನಿಂತವನಿಗೆ ಕರಿ ನೆಲ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೂ ಬೆಂಕಿ ರೇಖೆಯೇ. ಅಂದಾಜುಪಟ್ಟಿಯಲ್ಲಿ ಹೇಳಿದ ಅಗಲಕ್ಕಿಂತ ನೂರು ಪಾಲು ಹೆಚ್ಚು ಸಾಧನೆ, ಹೆಚ್ಚುವರಿ ಹಣ ಕೇಳದೆ.

ಕೆರೆಗಳ ವಿಷಯ ಇನ್ನೂ ಸೂಕ್ಷ್ಮ. ಹೂಳು ತೆಗೆಯಲು ಕೆರೆಯಂಗಳ ಒಡೆದು ಬಾಯಿಬಿಟ್ಟಿರಬೇಕು, ಅಂದರೆ ಏಪ್ರಿಲ್ ಮತ್ತು ಮೇ. ಮಾರ್ಚ್ 31ರ ತಾರೀಖು ಹೊತ್ತ ಆದೇಶ ಕರಾರುಪತ್ರ, ಭದ್ರತಾ ಠೇವಣಿ, ಸ್ಥಳ ಹಸ್ತಾಂತರಗಳನ್ನು ದಾಟಿ ಕೆರೆಗೆ ಇಳಿಯುವ ಹೊತ್ತಿಗೆ ಮೃಗಶಿರ ಹನಿಯುತ್ತಿರುತ್ತದೆ. ಅಳತೆ ಪುಸ್ತಕ ಈ ಇಡೀ ವಿಜ್ಞಾನದ ಮೂಲ ಆಕರ. ಪುಟಗಳಿಗೆಲ್ಲ ಸಂಖ್ಯೆ ಇರುತ್ತದೆ, ಹಾಳೆ ಕೀಳುವಂತಿಲ್ಲ, ತಿದ್ದಿದರೆ ಪಕ್ಕದಲ್ಲಿ ಸಹಿ ಮಾಡಬೇಕು. ಅಗೆಯುವ ಮೊದಲಿನ ಮಟ್ಟ ಒಂದು ಕಡೆ, ಅಗೆದ ಮೇಲಿನ ಮಟ್ಟ ಇನ್ನೊಂದು ಕಡೆ, ವ್ಯತ್ಯಾಸದ ಘನ ಮೀಟರಿಗೆ ದರಪಟ್ಟಿಯ ಬೆಲೆ. ಎರಡನೇ ಮಟ್ಟ ಬರೆಯುವ ಮೊದಲೇ ಕೆರೆ ತುಂಬಿದರೆ ತೆಗೆದ ಹೂಳೂ ತೆಗೆಯದ ಹೂಳೂ ಒಂದೇ ಕೆಂಪು ನೀರಿನಡಿ ಸಮನಾಗಿ ಮಲಗಿರುತ್ತವೆ. ನೀರೊಳಗೆ ಮುಳುಗಿ ಸುಳ್ಳೆಂದು ಸಾಬೀತು ಮಾಡುವ ಈಜುಗಾರನಿಗೆ ದರಪಟ್ಟಿಯಲ್ಲಿ ಬಾಬ್ತಿಲ್ಲ. ಇನ್ನು ಈ ಮಳೆಗೆ ಏನೂ ಚಿಗುರುವುದಿಲ್ಲ ಎಂಬ ಮಾತು ಶುದ್ಧ ಅನ್ಯಾಯ. ಏಪ್ರಿಲ್ ಮೊದಲ ವಾರ ರಸ್ತೆಬದಿಯಲ್ಲಿ ಹಳದಿ ಬಣ್ಣ ಬಳಿದ ಕಾಮಗಾರಿ ಫಲಕಗಳು ಮೊಳೆಯುವುದನ್ನು ಯಾರು ಬೇಕಾದರೂ ನೋಡಬಹುದು: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಪ್ರಾರಂಭದ ದಿನಾಂಕ, ಮುಕ್ತಾಯದ ದಿನಾಂಕದ ಎದುರಿಗೆ ಒಂದು ವಿಶಾಲವಾದ ಬಿಳಿ ಜಾಗ. ಇದು ಬರ ತಾಳುವ ತಳಿ, ದನ ಮೇಯುವುದಿಲ್ಲ.

ಹನಿಯ ಗಾತ್ರದ ಬಗ್ಗೆಯೂ ಎರಡು ಮಾತು. ಮಳೆಹನಿ ಸುಮಾರು ಐದಾರು ಮಿಲಿಮೀಟರಿಗಿಂತ ದಪ್ಪಗಾದರೆ ಗಾಳಿಯಲ್ಲೇ ಒಡೆದು ಚೂರಾಗುತ್ತದೆ ಎಂಬುದು ಹವಾಮಾನ ವಿಜ್ಞಾನಿಗಳು ಒಪ್ಪಿದ ಸಂಗತಿ. ಕಾಮಗಾರಿಯೂ 5 ಲಕ್ಷ ರೂಪಾಯಿ ದಾಟಿದರೆ ಟೆಂಡರು ಕರೆಯಬೇಕಾಗುತ್ತದೆ, ಆದಕಾರಣ ಅದೂ ಗಾಳಿಯಲ್ಲೇ ಒಡೆಯುತ್ತದೆ. ಒಂದೇ ಕಾಲುವೆ 4.95 ಲಕ್ಷದ ನಾಲ್ಕು ಕಾಲುವೆಗಳಾಗಿ, ಮೇಲ್ಭಾಗ, ಕೆಳಭಾಗ, ಎಡಭಾಗ ಮತ್ತು ಮುಂದುವರಿದ ಭಾಗ ಎಂಬ ಹೆಸರುಗಳಿಂದ ನೆಲಕ್ಕೆ ಬೀಳುತ್ತದೆ. ಇದಕ್ಕೆ ಶಾಸ್ತ್ರೀಯ ಹೆಸರು ತುಂಡು ಗುತ್ತಿಗೆ. ತುಂಡು ಮಾಡಬಾರದೆಂದು ಸುತ್ತೋಲೆಗಳಿವೆ. ಆದರೆ ಭೌತಶಾಸ್ತ್ರದ ನಿಯಮವನ್ನು ಸುತ್ತೋಲೆಯಿಂದ ತಡೆದವರುಂಟೇ? ಇದಲ್ಲದೆ ಅಧಿನಿಯಮದ 4(ಜಿ) ಕಲಮಿನ ವಿನಾಯಿತಿ ಎಂಬುದೊಂದಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಯಾವ ನಕ್ಷತ್ರದಲ್ಲಾದರೂ, ಬಿಸಿಲಿದ್ದಾಗಲೂ, ಬೇಕಾದವರ ಹೊಲದ ಮೇಲಷ್ಟೇ ಸುರಿಯಬಲ್ಲ ಮಳೆ ಅದು. ಅದರ ಅಧ್ಯಯನಕ್ಕೆ ಬೇರೆಯೇ ಗ್ರಂಥ ಬೇಕಾದೀತು.

ಈಗ ಚರಿತ್ರೆ. ಅಭಿಜಿತ್ ಯಾವಾಗಿನಿಂದ ಮಾರ್ಚಿನಲ್ಲಿ ಸುರಿಯತೊಡಗಿತು? ಅಜ್ಜಂಪುರದಲ್ಲಿ ಈಗಲೂ ತಳಿ ಸಂವರ್ಧನ ಕೇಂದ್ರವಿರುವ ಅಮೃತಮಹಲ್ ದನಗಳ ಇತಿಹಾಸದಲ್ಲಿ ಉತ್ತರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೈದರನ ಫಿರಂಗಿಗಳನ್ನು ಎಳೆದ ಎತ್ತುಗಳಿವು. ಇವುಗಳಿಗೆಂದು ಬಿಟ್ಟ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ದನ ಋತುವಿನ ಹಿಂದೆ ಹೋಗುತ್ತಿತ್ತು, ಲೆಕ್ಕ ದನದ ಹಿಂದೆ ಹೋಗುತ್ತಿತ್ತು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿದರು, ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ಹಿಂಡು ಕಟ್ಟಿದರು. ಮರುವರ್ಷ, 1867ರಲ್ಲಿ, ಭಾರತದ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಸರಿಯಿತು. ಅದಕ್ಕೆ ಮುಂಚೆ ವರ್ಷ ಮುಗಿಯುತ್ತಿದ್ದುದು ಏಪ್ರಿಲ್ 30ಕ್ಕೆ, ಅಂದರೆ ಭರಣಿಯಲ್ಲಿ. ಭರಣಿ ಸುರಿದರೆ ಧರಣಿ ಬೆಳೆಯುತ್ತದೆಂದು ಗಾದೆಯೇ ಇದೆ. ಒಡೆಯರ ಮೈಸೂರು ಸಂಸ್ಥಾನದ ಆಡಳಿತ ವರದಿಗಳಂತೂ ಜೂನ್ 30ಕ್ಕೆ ಕೊನೆಗೊಳ್ಳುವ ವರ್ಷವನ್ನು ಲೆಕ್ಕಕ್ಕೆ ಹಿಡಿದವು. ಅದು ಆರಿದ್ರ, ಆರದೆ ಹೊಯ್ಯುವ ಮಳೆ. ಹಣದ ವರ್ಷ ಮಳೆಯ ವರ್ಷದೊಳಗೇ ಮುಗಿಯುತ್ತಿತ್ತು. ಈಗ ನೆಲ ಕಾದು ಕೆಂಡವಾಗಿ, ಸಸಿ ನೆಡಲೂ ಆಗದೆ, ಹುಲ್ಲು ಉಳಿಸಲೂ ಆಗದೆ ಇರುವ ಹದಿನೈದು ದಿನಗಳನ್ನು ಹುಡುಕಿ ಅಲ್ಲಿಗೇ ತಂದು ನಿಲ್ಲಿಸಿದ್ದೇವೆ.

ಅಡಿಕೆ ವರ್ತಕರದ್ದು ಮೂರನೇ ಆಕ್ಷೇಪ. ಈ ಸೀಮೆಯ ಅಡಿಕೆ ಪೇಟೆಯಲ್ಲೂ ಟೆಂಡರೇ ನಡೆಯುವುದು. ಚೀಲದ ಬಾಯಿ ಬಿಚ್ಚಿರುತ್ತದೆ. ಖರೀದಿದಾರರು ಒಂದು ಹಿಡಿ ಎತ್ತಿ, ಎರಡು ಹೋಳು ಕಚ್ಚಿ, ರಾಶಿಯೋ ಬೆಟ್ಟೆಯೋ ಗೊರಬಲೋ ನೋಡಿ ಲಾಟ್ ನಂಬರಿನ ಎದುರು ದರ ಹಾಕುತ್ತಾರೆ, ಸಂಜೆಯೊಳಗೆ ವ್ಯಾಪಾರ ಕುದುರುತ್ತದೆ, ಒಪ್ಪದ ರೈತ ಚೀಲ ಕಟ್ಟಿಕೊಂಡು ಹೋಗುತ್ತಾನೆ. ಒಂದೇ ದಿನದಲ್ಲಿ ಆಗುವುದಕ್ಕೆ ಸರ್ಕಾರಕ್ಕೇಕೆ ಅರವತ್ತು ದಿನ? ಉತ್ತರ: ಅಡಿಕೆ ಟೆಂಡರಿನಲ್ಲಿ ಮಾಲು ಮುಂದಿರುತ್ತದೆ, ಹೆಚ್ಚು ಕೊಟ್ಟವನು ಗೆಲ್ಲುತ್ತಾನೆ. ಇಲಾಖೆಯ ಟೆಂಡರಿನಲ್ಲಿ ಮಾಲು ಇನ್ನೂ ಹುಟ್ಟಿಲ್ಲ, ಕಡಿಮೆ ಬರೆದವನು ಗೆಲ್ಲುತ್ತಾನೆ. ಹುಟ್ಟದ ಮಾಲನ್ನು ಕಚ್ಚಿ ನೋಡಲಾಗುವುದಿಲ್ಲವಾದ್ದರಿಂದ ಅದರ ಬದಲು ದಾಖಲೆಗಳನ್ನು ಕಚ್ಚಿ ನೋಡಬೇಕು: ಹಿಂದಿನ ವರ್ಷಗಳ ವಹಿವಾಟು, ಜಿ.ಎಸ್.ಟಿ., ಅನುಭವದ ಪ್ರಮಾಣಪತ್ರ. ಅನುಭವವಿಲ್ಲದವನಿಗೆ ಕೆಲಸವಿಲ್ಲ, ಕೆಲಸ ಮಾಡದವನಿಗೆ ಅನುಭವವಿಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಚರ್ಚೆಯನ್ನು ಅರಣ್ಯ ಇಲಾಖೆ ಚೀಲದ ಮೂಲಕ ಬಗೆಹರಿಸಿದೆ. 5×8, 6×9, 8×12 ಇಂಚಿನ ಪಾಲಿಥೀನ್ ಚೀಲಗಳ ಅಳತೆಯಿಂದಲೇ ಸಸಿಯ ದರ ಗೊತ್ತಾಗುತ್ತದೆ, ಹೊಂಗೆಯೋ ಹುಣಸೆಯೋ ಎಂಬುದು ಆಮೇಲಿನ ಮಾತು.

ನಾಲ್ಕನೆಯ ಆಕ್ಷೇಪ ತಮಾಷೆಯಲ್ಲಿ ಹಾರಿಸುವಂಥದ್ದಲ್ಲ. ಟೆಂಡರು ಇಲ್ಲದ ಕಾಲದಲ್ಲಿ ಕೆಲಸ ಯಾರಿಗೆ ಹೋಗುತ್ತಿತ್ತು ಎಂಬುದನ್ನು ಮರೆತು ಅಣಕವಾಡುವುದು ಸುಲಭ, ಅಳಿಯ-ಭಾವಮೈದುನರ ಕೈಯಿಂದ ಕಾಮಗಾರಿಯನ್ನು ಬಿಡಿಸಿ ಎಲ್ಲರ ಕಣ್ಣೆದುರು ಇಟ್ಟದ್ದೇ ಆ ಕಾಯಿದೆ ಎಂದು ಬಲ್ಲವರು ಹೇಳುತ್ತಾರೆ. ಒಪ್ಪತಕ್ಕ ಮಾತು. ಪ್ರಬಂಧದ ತಕರಾರು ಕಾಯಿದೆಯ ಮೇಲಲ್ಲ. ಕಾಯಿದೆ ಟೆಂಡರಿಗೆ ಇಷ್ಟು ದಿನ ಎಂದು ಹೇಳಿತು, ಲಕೋಟೆಗೆ, ಮೇಲ್ಮನವಿಗೆ ಇಷ್ಟಿಷ್ಟು ಎಂದು ಹೇಳಿತು. ಹಣ ಯಾವ ತಿಂಗಳು ಬಿಡುಗಡೆಯಾಗಬೇಕೆಂದು ಹೇಳುವುದು ಅದರ ಕೆಲಸವಾಗಿರಲಿಲ್ಲ, ಹುಲ್ಲು ಯಾವಾಗ ಒಣಗುತ್ತದೆ ಎಂಬುದು ಅದರ ಅನುಬಂಧದಲ್ಲೂ ಇರಲಿಲ್ಲ. ಪಾರದರ್ಶಕತೆಗೆ ಮಾಡಿದ ಗಾಜಿನ ಕಿಟಕಿ ಸರಿಯಾಗಿಯೇ ಇದೆ. ಒಳಗೆ ಕ್ಯಾಲೆಂಡರು ತಪ್ಪಾಗಿ ನೇತುಬಿದ್ದಿರುವುದು ಅದರಿಂದಲೇ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಹೇಳಿದ ಅಪವಾದ ಭದ್ರಾ ಮೇಲ್ದಂಡೆ. ಭದ್ರೆಯಿಂದ 29.90 ಟಿ.ಎಂ.ಸಿ. ನೀರೆತ್ತಿ, ತರೀಕೆರೆ ತಾಲ್ಲೂಕು ದಾಟಿಸಿ, ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು ಕಡೆಗೆ ಹರಿಸುವ ಈ ಯೋಜನೆಗೆ 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಅಭಿಜಿತ್ ಕಳೆದು ವಾರವಷ್ಟೇ ಆಗಿತ್ತು, ಮುಹೂರ್ತ ಇಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಅಂದಿನಿಂದ ದೆಹಲಿಗೆ ಬರೆಯುತ್ತಾ ಬಂದಿದೆ. ಸಿದ್ಧಾಂತ ಇಲ್ಲಿ ಬಿದ್ದುಹೋಯಿತೆಂದು ವಿರೋಧಿಗಳು ಹಿಗ್ಗಬಾರದು. ಅಭಿಜಿತ್ ಸುರಿಯುವುದು ಖರ್ಚಾಗದೆ ಉಳಿದ ಹಣ ವಾಪಸು ಹೋಗುತ್ತದೆಂಬ ಭಯದಿಂದ. ಬಾರದ ಹಣ ವಾಪಸು ಹೋಗುವ ಭಯವಿಲ್ಲ, ಆದ್ದರಿಂದ ಅದಕ್ಕೆ ಮಾರ್ಚೂ ಇಲ್ಲ. ದೊಡ್ಡ ಮೋಡಕ್ಕೆ ಅವಸರವಿಲ್ಲದಿರುವುದು ಸಣ್ಣ ಹನಿಗಳ ಧಾವಂತವನ್ನು ಇನ್ನಷ್ಟು ಚೆನ್ನಾಗಿ ವಿವರಿಸುತ್ತದೆ.

ಕೊನೆಗೆ ಪರಿಹಾರ ಹೇಳದಿದ್ದರೆ ಪ್ರಬಂಧವನ್ನು ಯಾವ ಸಮಿತಿಯೂ ಸ್ವೀಕರಿಸುವುದಿಲ್ಲ. ಬೆಂಕಿ ರೇಖೆಯ ಟೆಂಡರನ್ನು ಆರಿದ್ರದಲ್ಲಿ ಪ್ರಕಟಿಸಿ, ಆಶ್ಲೇಷದಲ್ಲಿ ತೆರೆದು, ಮಖೆಯಲ್ಲಿ ಕಾರ್ಯಾದೇಶ ಕೊಟ್ಟರೆ ಡಿಸೆಂಬರಿಗೆ ಕುಡುಗೋಲು ಹಿಡಿದ ಆಳು ಕಾವಲಿನಲ್ಲಿರುತ್ತಾನೆ. ಯಾವ ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಇಬ್ಬರು. ಅಷ್ಟು ತಿಂಗಳು ಇ.ಎಂ.ಡಿ. ಠೇವಣಿ ಕಟ್ಟಿ ಕೂರಲು ನನಗೇನು ಹುಚ್ಚೇ ಸ್ವಾಮಿ ಎನ್ನುವ ಗುತ್ತಿಗೆದಾರ ಒಬ್ಬ. ಅವನನ್ನು ಹೇಗಾದರೂ ಒಪ್ಪಿಸಬಹುದು. ಇನ್ನೊಬ್ಬರು ಲೆಕ್ಕಪರಿಶೋಧಕರು. ಹುಲ್ಲು ಹಸಿರಾಗಿರುವಾಗಲೇ ಬೆಂಕಿಗೆ ಟೆಂಡರು ಕರೆಯುವ ತುರ್ತು ಏನಿತ್ತು ಎಂದು ಅವರು ಷರಾ ಬರೆದರೆ ಉತ್ತರ ಕೊಡಬೇಕಾದವನು ಅಧಿಕಾರಿ. ಕಾವಲು ಸುಟ್ಟ ಮೇಲೆ ಕರೆದಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.