ವರದಿ ಬರುವ ತನಕ ಬೀಳಕೂಡದು

ಮೈಸೂರಿನಲ್ಲಿ ಹಳೇ ಕಟ್ಟಡವಾಗಿರುವುದಕ್ಕಿಂತ ಹಳೇ ಕಟ್ಟಡಗಳ ತಜ್ಞರಾಗಿರುವುದು ಎಷ್ಟೋ ಸುಖ. ಕಟ್ಟಡ ಮಳೆಯಲ್ಲಿ ನೆನೆಯುತ್ತದೆ. ತಜ್ಞರು ಮಳೆ ನಿಂತು, ಗೋಡೆ ಬಿದ್ದು, ಟಿ.ವಿ.ಯವರು ಬಂದ ಮೇಲೆ ಬರುತ್ತಾರೆ.

ಲ್ಯಾನ್ಸ್‌ಡೌನ್ ಕಟ್ಟಡವನ್ನೇ ನೋಡಿ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆಂದು 1892ರಲ್ಲಿ ಕಟ್ಟಿದ್ದು. ಕೆಳಗಿನ ಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಊರಿನ ಎಷ್ಟೋ ಡಿಗ್ರಿಗಳು ಅಲ್ಲಿನ ಅರ್ಧ ಬೆಲೆಯ ಗೈಡುಗಳಿಗೆ ಋಣಿ. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು, ಫೈಲುಗಳು ತುಂಬಿದವು. 2016ರ ಆಗಸ್ಟ್‌ನಲ್ಲಿ ಪಕ್ಕದ ದೇವರಾಜ ಮಾರುಕಟ್ಟೆಯ ಉತ್ತರದ ದ್ವಾರವೂ ಉರುಳಿತು. ಅದು ಉರುಳಿದ್ದು ಯಾರೂ ಗಮನ ಕೊಡದೆ ಅಲ್ಲ, ರಿಪೇರಿ ನಡೆಯುತ್ತಿರುವಾಗ.

ಆಮೇಲೆ ಸಲಹೆಗೇನು ಬರ? ಒಂದು ಕಡೆಯ ತಜ್ಞರು ಎರಡನ್ನೂ ಕೆಡವಿ ‘ಅದೇ ಶೈಲಿಯಲ್ಲಿ’ ಕಟ್ಟಿ ಎಂದರು. ಇನ್ನೊಂದು ಕಡೆಯವರು ಕೆಡವಬೇಕಿಲ್ಲ, ದುರಸ್ತಿ ಸಾಧ್ಯ ಎಂದರು. ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ಶೈಲಿಯಲ್ಲಿ ಕಟ್ಟುವುದೆಂದರೆ ಅಜ್ಜಿಯನ್ನು ಸಾಗಹಾಕಿ, ಅವಳ ಸೀರೆಯನ್ನು ಇಪ್ಪತ್ತರ ಹುಡುಗಿಗೆ ಉಡಿಸಿ, ‘ಇವರೇ ನಿಮ್ಮಜ್ಜಿ, ಕಾಲಿಗೆ ಬೀಳಿ’ ಎಂದ ಹಾಗೆ. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ ಎಂಬುದರಲ್ಲಿ ತಕರಾರಿಲ್ಲ.

ಸರ್ಕಾರದ ಕಟ್ಟಡಕ್ಕೆ ಸಮಿತಿಯಾದರೂ ಉಂಟು. ಅಗ್ರಹಾರದಲ್ಲೊಂದು ತೊಟ್ಟಿ ಮನೆ ಇಟ್ಟುಕೊಂಡ ಬಡಪಾಯಿ ಎಲ್ಲಿಗೆ ಹೋಗಬೇಕು? ಪರಂಪರೆ ಉಳಿಸಲೆಂದು 1984ರಲ್ಲಿ ಹುಟ್ಟಿದ ಇಂಟ್ಯಾಕ್ ಎಂಬ ಸಂಸ್ಥೆ ಇದೆ, ಗಾರೆಯ ಗುಣ ಬಲ್ಲ ನಾಲ್ಕಾರು ವಾಸ್ತುಶಿಲ್ಪಿಗಳಿದ್ದಾರೆ. ಆದರೆ ಅವರ ವಿಳಾಸ ಸಿಗುವುದರೊಳಗೆ ಬೀದಿಯಲ್ಲಿ ಸಿಗುವ ತಜ್ಞರು ಮನೆಯೊಳಗೇ ಬಂದಿರುತ್ತಾರೆ.

ಮೊದಲು ಬರುವವರು ಎಂಜಿನಿಯರ್. ಷೂ ಬಿಚ್ಚುವುದಿಲ್ಲ. ಒಂದೂವರೆ ಅಡಿ ದಪ್ಪದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಕೊಲೆ ಪತ್ತೆಹಚ್ಚಿದ ದನಿಯಲ್ಲಿ, “ಸಾರ್, ಇದರಲ್ಲಿ ಕಾಲಮ್ಮೇ ಇಲ್ಲ!” ಎನ್ನುತ್ತಾರೆ. ಬ್ಯಾಗಿನಿಂದ ಸ್ಪ್ರಿಂಗಿನ ಸುತ್ತಿಗೆಯೊಂದು ಹೊರಬರುತ್ತದೆ. ಅದು ಕಾಂಕ್ರೀಟಿನ ಗಟ್ಟಿತನ ಅಳೆಯುವ ಉಪಕರಣ. ಅದನ್ನು ಸುಣ್ಣದ ಗೋಡೆಗೆ ಒತ್ತುತ್ತಾರೆ. ಗೋಡೆ ಪರೀಕ್ಷೆಯಲ್ಲಿ ಫೇಲ್. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಗಾರೆ ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತಾರೆ: “ನೋಡಿ, ಸ್ಟ್ರೆಂತೇ ಇಲ್ಲ.”

ಇದೇ ಮಹಾಶಯರು ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿದ ದಿನ ಸಂಸಾರ ಸಮೇತ ಹೋಗಿ ಸೆಲ್ಫಿ ತೆಗೆದುಕೊಂಡು ಬಂದಿರುತ್ತಾರೆ. ಆ ನೀರನ್ನು ಹಿಡಿದು ನಿಲ್ಲಿಸಿರುವುದು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಕಟ್ಟೆಗೆ ಇನ್ನೂ ಯಾರೂ ಆ ಸುತ್ತಿಗೆ ಒತ್ತಿಲ್ಲವೇನೋ. ಸದ್ಯ.

ಎಂಜಿನಿಯರ್ ಬರೆದ ಮದ್ದು ಸಿಮೆಂಟ್ ಪ್ಲಾಸ್ಟರು. ಹಳೇ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಒಳಗಿನ ನೀರಿಗೆ ಹೊರಬರುವ ದಾರಿಯಿಲ್ಲ. ನೆಲದ ತೇವವೂ ಗೋಡೆಯನ್ನೇರಿ ಅದರ ಜೊತೆ ಸೇರುತ್ತದೆ, ಉಪ್ಪು ಅರಳುತ್ತದೆ, ಇಟ್ಟಿಗೆ ಒಳಗೊಳಗೇ ಪುಡಿಯಾಗುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರು ಹಪ್ಪಳದ ಹಾಗೆ ಎದ್ದು, ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಅದೇ ಎಂಜಿನಿಯರ್ ಮತ್ತೆ ಬಂದು, “ನಾನು ಆವತ್ತೇ ಹೇಳಲಿಲ್ವಾ, ಗೋಡೇಲಿ ದಮ್ಮಿಲ್ಲ ಅಂತ” ಎನ್ನುತ್ತಾರೆ. ಅವರ ಮಾತು ಸುಳ್ಳಾಗುವುದೇ ಇಲ್ಲ.

ಎರಡನೆಯ ತಜ್ಞರು ಬಿಲ್ಡರು. ಇವರು ಗೋಡೆ ನೋಡುವುದೇ ಇಲ್ಲ, ಸೈಟು ನೋಡುತ್ತಾರೆ. ಮೂರನೆಯವರು ಬಾಲ್ಯದಿಂದ ಪರಂಪರೆಯ ಬಗ್ಗೆ ಕಾಳಜಿಯುಳ್ಳವರು; ನಿಮ್ಮ ಕೆತ್ತನೆಯ ಬಾಗಿಲನ್ನು ತಮ್ಮ ರೆಸಾರ್ಟಿಗೆ ಕೇಳಲು ಬಂದಿರುತ್ತಾರೆ.

ಬಾಗಿಲಾಚೆ ನಿಂತ ಇನ್ನೊಬ್ಬರಿದ್ದಾರೆ. ಸುಣ್ಣವನ್ನು ಎಷ್ಟು ದಿನ ಗುಂಡಿಯಲ್ಲಿ ನೆನೆಹಾಕಬೇಕು, ಗಾಣದಲ್ಲಿ ಎಷ್ಟು ಅರೆಯಬೇಕು, ಬೆಲ್ಲದ ನೀರು, ಅಳಲೆಕಾಯಿ ಯಾವಾಗ ಬೆರೆಸಬೇಕು ಎಂಬುದು ಗೊತ್ತಿರುವ ಮುದಿ ಮೇಸ್ತ್ರಿ. ಸರ್ಕಾರಿ ಕೆಲಸವಾದರೆ ಇವರು ಟೆಂಡರ್ ಹಾಕುವಂತಿಲ್ಲ: ಕ್ಲಾಸ್ ಒನ್ ಲೈಸೆನ್ಸ್ ಇಲ್ಲ, ಜಿಎಸ್‌ಟಿ ನಂಬರಿಲ್ಲ. ಲೈಸೆನ್ಸ್ ಇರುವ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ಬರಬಹುದು. ಆದರೆ ಗುತ್ತಿಗೆದಾರನಿಗೆ ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಸುಣ್ಣಕ್ಕೆ ಮಾರ್ಚ್ 31 ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಗುಂಡಿಗೆ ಒಂದಿಷ್ಟು ಸಿಮೆಂಟ್ ಬೀಳುತ್ತದೆ, ಮೇಸ್ತ್ರಿ ಮುಖ ತಿರುಗಿಸಿಕೊಳ್ಳುತ್ತಾರೆ.

ಅವರನ್ನು ಯಾರಾದರೂ ಕೇಳಿದರೆ ಹೇಳುವುದು ಎರಡೇ ಮಾತು: “ಮೊದ್ಲು ತಾರಸಿ ನೀರು ಹೋಗೋ ದಾರಿ ಬಿಡ್ಸಿ ಸಾ. ಆ ಅರಳಿ ಗಿಡ ಕಿತ್ತಾಕಿ.” ಇಷ್ಟೇ. 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆಂದು ಲಂಡನ್ನಿನಲ್ಲಿ ಸಂಘ ಕಟ್ಟಿದ ವಿಲಿಯಂ ಮಾರಿಸ್ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ: ದಿನದಿನದ ಆರೈಕೆ ಮಾಡಿ, ದೊಡ್ಡ ರಿಪೇರಿಯ ಗೊಡವೆಗೆ ಹೋಗಬೇಡಿ. ಆ ಸಂಘಕ್ಕೆ ಇವತ್ತಿಗೂ ಯಾರು ಬೇಕಾದರೂ ಫೋನು ಮಾಡಿ ಪುಕ್ಕಟೆ ಸಲಹೆ ಕೇಳಬಹುದಂತೆ. ನಮ್ಮಲ್ಲಿ ಅಂಥದ್ದು ನಡೆಯುವುದಿಲ್ಲ. ಪುಕ್ಕಟೆ ಸಲಹೆಗೆ ಎಸ್ಟಿಮೇಟ್ ಹೇಗೆ ಹಾಕುವುದು? ಗಿಡ ಕೀಳುವ ಕೆಲಸಕ್ಕೆ ಶಿಲಾನ್ಯಾಸ ಯಾರು ಮಾಡುತ್ತಾರೆ? ನೂರು ರೂಪಾಯಿ ಕೂಲಿಯಲ್ಲಿ ಮುಗಿಯುವ ಕೆಲಸ ಕೋಟಿ ದಾಟುವ ತನಕ ಕಾಯುವುದಕ್ಕೆ ನಮ್ಮಲ್ಲಿ ‘ಪರಿಶೀಲನೆಯಲ್ಲಿದೆ’ ಎನ್ನುತ್ತಾರೆ.

ಒಂದು ಕಚೇರಿಯ ಪ್ಯಾರಪೆಟ್ಟಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಮೊಳೆತ ಅಂಥ ಅರಳಿಯೊಂದಿದೆ. ಎರಡೆಲೆ ಇದ್ದಾಗ ಜವಾನನೇ ಚಿವುಟಬಹುದಿತ್ತು. ಅವನ ಕೆಲಸದ ಪಟ್ಟಿಯಲ್ಲಿ ಅದಿರಲಿಲ್ಲ. ಗೋಡೆ ಬಿರಿದಾಗ ತಜ್ಞರು ಬಂದರು, ಬಿರುಕಿನ ಅಗಲ ಅಳೆದರು, ಅದರ ಮೇಲೊಂದು ಗಾಜಿನ ಪಟ್ಟಿ ಅಂಟಿಸಿ ಹೋದರು. ಈಗ ಬೇರು ಕಿಟಕಿಯ ಚೌಕಟ್ಟು ದಾಟಿದೆ. ಕಡಿಯೋಣವೆಂದರೆ ಅದು ಗಿಡವಾಗಿ ಉಳಿದಿಲ್ಲ, ಮರವಾಗಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿ ಹೋಗಿದೆ. ಕಟ್ಟಡ ಪಾರಂಪರಿಕ ಹೌದೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮರದ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ.