ಹೊಸ ಪ್ರೊಸೆಸರಿಗೆ ಹೊಂದುವ ಮದರ್‌ಬೋರ್ಡ್ ಆರಿಸುವ ವಿಧಾನ (ಹೊಸಪೇಟೆ ಆವೃತ್ತಿ)

ಮೊದಲು ಓದಿ. ಈ ಕೈಪಿಡಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಮೇಜಿನ ಕೆಳಗೆ ಕಾಲಿಗೆ ತಾಗುವಂತೆ ಇಟ್ಟ ಕಂಪ್ಯೂಟರುಗಳಿಗೆ ಮಾತ್ರ ಅನ್ವಯಿಸುತ್ತದೆ. ಬೆಂಗಳೂರಿನವರು ಓದಬಾರದೆಂದೇನಿಲ್ಲ. ಆದರೆ ಅವರಿಗೆ ಎಸ್.ಪಿ. ರೋಡ್ ಇದೆ, ತಪ್ಪು ಬೋರ್ಡ್ ತಂದರೆ ಸಂಜೆಯೊಳಗೆ ಬದಲಿಸಿಕೊಂಡು ಬರುತ್ತಾರೆ. ನಾವು ತಪ್ಪಿದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು.

ಬೇಕಾಗುವ ಸಾಮಾನು: ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಒಣ ಪೇಂಟ್ ಬ್ರಷ್ಷು, ಕಾಗದ, ಪೆನ್ನು. ಬೇಡದ ಸಾಮಾನು: ಕಂಪ್ಯೂಟರ್ ಬಲ್ಲ ಷಡ್ಡಕ. ಬೇಡವೆಂದರೂ ಅವರು ಬರುತ್ತಾರೆ. ಒಗ್ಗರಣಿ-ಮಿರ್ಚಿ ತರಿಸಿ, ತಟ್ಟೆಸಮೇತ ಕ್ಯಾಬಿನೆಟ್ಟಿನಿಂದ ದೂರದ ಕುರ್ಚಿಯಲ್ಲಿ ಕೂರಿಸಿ. ಮಿರ್ಚಿ ಮುಟ್ಟಿದ ಕೈ ಪ್ರೊಸೆಸರಿನ ತಳದ ಬಂಗಾರದ ಚುಕ್ಕೆಗಳಿಗೆ ತಾಗಬಾರದು ಎಂಬುದಷ್ಟೇ ಕಾರಣ. ಅವರ ಜ್ಞಾನದ ಬಗ್ಗೆ ಈ ಕೈಪಿಡಿಗೆ ಅಭಿಪ್ರಾಯವಿಲ್ಲ.

ಮುಹೂರ್ತ: ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಮದುವೆ ಸೀಸನ್ನಿನಲ್ಲಿ, ಫ್ಲೆಕ್ಸ್ ಅಂಗಡಿಯವರು ಹಂಪಿ ಉತ್ಸವದ ಹಿಂದಿನ ವಾರ ಯಂತ್ರ ಬಿಚ್ಚತಕ್ಕದ್ದಲ್ಲ. ಪಂಚಾಂಗದಲ್ಲಿ ಎಷ್ಟೇ ಒಳ್ಳೆಯ ದಿನವಿದ್ದರೂ ಸರಿ.

ಹಂತ 1. ಏನನ್ನೂ ಕೊಳ್ಳಬೇಡಿ. ಯಂತ್ರ ನಿಧಾನವಾಗಿದೆ ಎಂದರೆ ಪ್ರೊಸೆಸರ್ ಮುದಿಯಾಗಿದೆ ಎಂದೇ ಅರ್ಥವಲ್ಲ. ಒಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಎಂಟು ಮಾಡಿಸಿ. ನುಡಿಯಲ್ಲಿ ಟೈಪು ಮಾಡುವವರಿಗೆ ಬಹುಪಾಲು ಇಷ್ಟೇ ಸಾಕು. ಬಿಲ್ಲಿನ ಮೇಲೆ ಹದಿನೈದು ವರ್ಷ ಹಿಂದಿನ ತಾರೀಖು ಬರುತ್ತಿದ್ದರೆ ಬೋರ್ಡ್ ಸತ್ತಿಲ್ಲ. ಅದರ ಮೇಲಿರುವ ಸಿಆರ್2032 ಎಂಬ ಬಿಲ್ಲೆಯಂಥ ಬ್ಯಾಟರಿ ಸತ್ತಿದೆ.

ಸಂಡೂರು, ತೋರಣಗಲ್ಲು ಕಡೆಯವರು ಇಲ್ಲೇ ಇನ್ನೊಂದು ಕೆಲಸ ಮಾಡಬೇಕು. ಮುಚ್ಚಳ ತೆಗೆದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಟಾರ್ಚು ಬಿಡಿ. ಅದಿರಿನ ಲಾರಿ ಓಡಾಡುವ ರಸ್ತೆಬದಿಯ ಅಂಗಡಿಯಾದರೆ ಅಲ್ಲಿ ಕೆಂಪು ಕಂಬಳಿ ಹೊದಿಸಿದಂತೆ ದೂಳು ಕಾಣುತ್ತದೆ. ಗಾಳಿ ಆಡದೆ ಕಾದ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೂ ಏಪ್ರಿಲಿನ ನಲವತ್ತು ಡಿಗ್ರಿಯಲ್ಲಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ಬಳಿಯಿರಿ, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಎಷ್ಟೋ ಅಪ್‌ಗ್ರೇಡುಗಳು ಈ ದೂಳಿನ ಜೊತೆಗೇ ಕೊಡವಿಹೋಗುತ್ತವೆ.

ಹಂತ 2. ಇಷ್ಟಾದ ಮೇಲೂ ಯಂತ್ರ ಏಳದಿದ್ದರೆ, ಬೋರ್ಡಿನ ಮೇಲೆ ಅಚ್ಚಾಗಿರುವ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋಟೋ ತೆಗೆದರೆ ಅದು ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗುತ್ತದೆ.

ಹಂತ 3. ಸಾಕೆಟ್. ಅಂಗಡಿಗೆ ಹೋಗಿ "ಈ ಬೋರ್ಡಿಗೆ ಆ ಪ್ರೊಸೆಸರ್ ಆಗುತ್ತಾ?" ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಕುಂದರ್ತೈತಿ ಸಾರ್, ಏನ್ ಆಗಂಗಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ಟನ್ನೇ ನೋಡಿ. 2015ರಲ್ಲಿ ಆರನೇ ಜನರೇಷನ್ ಜೊತೆ ಬಂತು, ಏಳನೆಯದೂ ಅದರಲ್ಲೇ ಕೂತಿತು. 2017ರ ಕೊನೆಗೆ ಬಂದ ಎಂಟನೆಯದಕ್ಕೂ ಅದೇ 1151 ಪಿನ್ನು, ಅದೇ ಅಳತೆ. ಆದರೆ ಪಿನ್ನುಗಳ ಕೆಲಸ ಹಂಚಿಕೆ ಬದಲಾಗಿತ್ತು. ಎಂಟನೇ ಜನರೇಷನ್ನಿನ ಐ3ಯನ್ನು ಹಳೆಯ ಎಚ್110 ಬೋರ್ಡಿನಲ್ಲಿಟ್ಟರೆ ಅಂದವಾಗಿ ಕೂರುತ್ತದೆ, ಲಿವರ್ ಮುಚ್ಚುತ್ತದೆ, ಫ್ಯಾನೂ ತಿರುಗೀತು. ಪರದೆಯ ಮೇಲೆ ಮಾತ್ರ ಏನೂ ಬರುವುದಿಲ್ಲ. ಅದಕ್ಕೆ ಎಚ್310, ಬಿ360ಯಂಥ ಮುನ್ನೂರರ ಸಾಲಿನ ಬೋರ್ಡೇ ಬೇಕು.

ಇಂಟೆಲ್ ಮನೆತನದ ಉಳಿದ ವಂಶಾವಳಿ: ಎರಡು ಮತ್ತು ಮೂರನೇ ಜನರೇಷನ್ 1155ರಲ್ಲಿ, ನಾಲ್ಕನೆಯದು 1150ರಲ್ಲಿ. ಹತ್ತು, ಹನ್ನೊಂದು 1200ರಲ್ಲಿ. ಅಲ್ಲೂ ಎಚ್410 ಬೋರ್ಡುಗಳೆಲ್ಲ ಹನ್ನೊಂದನ್ನು ಒಪ್ಪುವುದಿಲ್ಲ. ಹನ್ನೆರಡರಿಂದ ಹದಿನಾಲ್ಕು 1700ರಲ್ಲಿ. 2024ರ ಕೋರ್ ಅಲ್ಟ್ರಾ 200 ಸಾಲು 1851ರಲ್ಲಿ. ಎಎಂಡಿಯವರದು ಇಷ್ಟು ಗೋಜಲಲ್ಲ. ಎಎಂ4 ಎಂಬ ಒಂದೇ ಸಾಕೆಟ್ಟಿನಲ್ಲಿ ರೈಜೆನ್ನಿನ ಹಲವು ತಲೆಮಾರು ಸಂಸಾರ ಮಾಡಿ, 2022ರಲ್ಲಿ ಎಎಂ5ರಲ್ಲಿ ಬೇರೆ ಮನೆ ಹೂಡಿದವು. ಎಎಂ4ರಲ್ಲಿ ಪಿನ್ನು ಪ್ರೊಸೆಸರಿಗೆ, ಎಎಂ5ರಲ್ಲಿ ಬೋರ್ಡಿಗೆ. ಯಾರದಾದರೂ ಸರಿ, ಬಾಗಿದ ಪಿನ್ನಿಗೆ ವಾರಂಟಿ ಇಲ್ಲ.

ಪೊಟ್ಟಣ ನೋಡಿ ಮೋಸ ಹೋಗಬೇಡಿ. 2011ರ ಕಾಲದ ಎಚ್61 ಬೋರ್ಡುಗಳು ಇವತ್ತಿಗೂ ಹೊಸ ಡಬ್ಬಿಯಲ್ಲಿ, ಹೊಸ ಸ್ಟಿಕ್ಕರಿನೊಂದಿಗೆ ಮಾರಾಟಕ್ಕಿವೆ. ಸುಟ್ಟುಹೋದ ಹಳೆಯ ಬೋರ್ಡಿನ ಜಾಗಕ್ಕೆ ಅವು ಸರಿ. ಅಪ್‌ಗ್ರೇಡ್ ಎಂದು ಕೊಳ್ಳುವುದು ಮಾತ್ರ ಹೊಸ ರೇಷ್ಮೆಯಲ್ಲಿ ಸುತ್ತಿದ ಹಳೆಯ ಸಾಲ.

ಹಳೆಯದಕ್ಕೆ ಹೊಂದುವುದು ಸಿಗದ ಈ ಸಂಕಟ ನಮ್ಮೂರಿಗೆ ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅಷ್ಟು ಹಳೆಯ ಅಣೆಕಟ್ಟಿಗೆ ಹೊಂದುವ ಗೇಟು ಯಾವ ಅಂಗಡಿಯಲ್ಲಿತ್ತು? ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು. ಹಳೆಯ ಕಿಂಡಿಯ ಅಳತೆಗೆ ಉಕ್ಕಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ತಡೆದರು. ಅಲ್ಲಿ ಕಿಂಡಿಗೆ ತಕ್ಕಂತೆ ಗೇಟು ಮಾಡಿಸಬಹುದಿತ್ತು. ಪ್ರೊಸೆಸರನ್ನು ಹಾಗೆ ಮಾಡಿಸಿಕೊಡುವವರು ಯಾರೂ ಇಲ್ಲ. ಆದ್ದರಿಂದ ಈ ಕೈಪಿಡಿಯ ಖಡಾಖಂಡಿತ ಸೂಚನೆ: ಪ್ರೊಸೆಸರ್ ಕೊಂಡುಬಂದು ಬೋರ್ಡ್ ಹುಡುಕಬೇಡಿ. ನಿಮ್ಮ ಕೆಲಸಕ್ಕೆ ತಕ್ಕ ಬೋರ್ಡ್ ಮೊದಲು ಆರಿಸಿ. ಅದರ ಕಂಪನಿಯ ವೆಬ್‌ಸೈಟಿನಲ್ಲಿ ಆ ಬೋರ್ಡಿನ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ, ಅದರೊಳಗಿಂದ ಪ್ರೊಸೆಸರ್ ಆರಿಸಿ.

ಹಂತ 4. ನಿಮ್ಮ ಕೆಲಸ ಯಾವುದು? ಇದನ್ನು ಯಾವ ವಿಡಿಯೋದವರೂ ಕೇಳುವುದಿಲ್ಲ. ಅವರೆಲ್ಲ ಗೇಮ್ ಆಡುವವರು. ಸಂಡೂರಿನ ವೇಬ್ರಿಡ್ಜಿನ ಕಂಪ್ಯೂಟರ್ ಲಾರಿಯ ತೂಕ ಓದುವುದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನಿಂದ. ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಕಾರ್ಬನ್ ಪ್ರತಿಯೊಂದಿಗೆ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಅಗಲವಾದ ಪ್ಯಾರಲಲ್ ಪೋರ್ಟು ಬೇಕು. ಹೊಳೆಯುವ ಹೊಸ ಬೋರ್ಡಿನ ಬೆನ್ನು ತಿರುಗಿಸಿ ನೋಡಿದರೆ ಎರಡೂ ಇರುವುದಿಲ್ಲ. ಯಂತ್ರ ರಾಕೆಟ್ಟಿನಂತೆ ಓಡುತ್ತದೆ, ಲಾರಿ ಮಾತ್ರ ತೂಕದ ಮೇಲೆ ನಿಂತೇ ಇರುತ್ತದೆ, ಹಿಂದಿನವರು ಹಾರನ್ ಹೊಡೆಯುತ್ತಿರುತ್ತಾರೆ.

ಪರಿಹಾರ ಉಂಟು. ಎಷ್ಟೋ ಅಗ್ಗದ ಬೋರ್ಡುಗಳ ಒಳಗೆ ಕಾಮ್ ಎಂದು ಅಚ್ಚಾದ ಸಣ್ಣ ಪಿನ್ನುಗಳ ಗುಂಪು ಇರುತ್ತದೆ. ಅದಕ್ಕೊಂದು ಕೇಬಲ್ ಹಾಕಿ ಹಿಂದಕ್ಕೆ ಎಳೆದುಕೊಂಡರೆ ಸೀರಿಯಲ್ ಪೋರ್ಟು ಸಿದ್ಧ. ಪ್ಯಾರಲಲ್ ಬೇಕಾದರೆ ಪಿಸಿಐಇ ಕಾರ್ಡು ಸಿಗುತ್ತದೆ, ಅದಕ್ಕೆ ಬೋರ್ಡಿನಲ್ಲಿ ಖಾಲಿ ಸ್ಲಾಟು ಬೇಕು. ಹಂಪಿಯ ಗೆಸ್ಟ್‌ಹೌಸಿನವರಿಗೆ ಇದ್ಯಾವುದೂ ಬೇಡ. ಹಳೆಯ ಮಾನಿಟರಿನ ನೀಲಿ ವಿಜಿಎ ತುದಿ ಎಲ್ಲಿ ಸಿಕ್ಕಿಸುವುದು ಎಂದಷ್ಟೇ ನೋಡಿಕೊಂಡರಾಯಿತು.

ಹಂತ 5. ರ‍್ಯಾಮ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನು, ಆದರೆ ನಡುವಿನ ಕಚ್ಚು ಬೇರೆ ಕಡೆ. ಬಲವಂತ ಮಾಡಬೇಡಿ. 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಎರಡೂ ಬಗೆ ಉಂಟು. 2025ರ ಕೊನೆಯಿಂದ ರ‍್ಯಾಮಿನ ಬೆಲೆ ಏರಿ ಕೂತಿರುವುದರಿಂದ, ಕೈಯಲ್ಲಿ ಡಿಡಿಆರ್4 ಇದ್ದವರು ಡಿಡಿಆರ್4ರ ಬೋರ್ಡನ್ನೇ ಕೇಳುವುದು ಜಾಣತನ.

ಹಂತ 6. ಕ್ಯಾಬಿನೆಟ್ಟು, ಪವರ್ ಸಪ್ಲೈ, ಗ್ರಾಫಿಕ್ಸ್. ಮೈಕ್ರೋ ಎಟಿಎಕ್ಸ್ ಎಂದರೆ ಗರಿಷ್ಠ 244 ಮಿಲಿಮೀಟರ್ ಚೌಕ. ಸ್ಕೇಲು ಹಿಡಿದು ನೋಡಿ. ಆಫೀಸಿನಿಂದ ಹರಾಜಿಗೆ ಬಂದ ಬ್ರ್ಯಾಂಡೆಡ್ ಯಂತ್ರವಾದರೆ ಎಷ್ಟೋ ಸಲ ಪವರ್ ಕನೆಕ್ಟರೂ ಬೋರ್ಡಿನ ಆಕಾರವೂ ಆ ಕಂಪನಿಗಷ್ಟೇ ಸಲ್ಲುವಂಥವು. ಅದನ್ನು ಹಾಗೇ ಮುಚ್ಚಿ ಸ್ಕ್ರೂ ಬಿಗಿಯಿರಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4ರಲ್ಲಿ ಕೊನೆಗೆ ಜಿ ಇಲ್ಲದ ರೈಜೆನ್ನಿನದೂ ಅದೇ ಕತೆ. ಷಡ್ಡಕರು ತರುವುದು ಅಗ್ಗವಾದ ಅದನ್ನೇ.

ಹಂತ 7. ಬಯಾಸ್. ಹಂತ 3ರ ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ ಪ್ರೊಸೆಸರಿನ ಎದುರು ಬಯಾಸಿನ ಆವೃತ್ತಿಯೂ ಬರೆದಿರುತ್ತದೆ. ಗೋಡೌನಿನಲ್ಲಿ ಎರಡು ವರ್ಷ ಕೂತ ಬೋರ್ಡಿಗೆ ನಿನ್ನೆ ಹುಟ್ಟಿದ ಪ್ರೊಸೆಸರಿನ ಪರಿಚಯ ಇರುವುದಿಲ್ಲ. ಪರಿಚಯ ಮಾಡಿಸುವುದನ್ನು ಅಂಗಡಿಯವರಿಗೇ ಬಿಡಿ. ಮನೆಯಲ್ಲೇ ಮಾಡುವಿರಾದರೆ ಯುಪಿಎಸ್ ಇಲ್ಲದೆ ಬೇಡ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೂ ಅದರ ಹಿಂದೆಯೇ ಹೋಗಬಹುದು.

ಹಂತ 8. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಬೇಕೆಂದರೆ ಇಂಟೆಲ್ಲಿನಲ್ಲಿ ಎಂಟನೇ ಜನರೇಷನ್ ಅಥವಾ ಮುಂದಿನದು, ಜೊತೆಗೆ ಟಿಪಿಎಂ 2.0. ಯಂತ್ರದೊಂದಿಗೆ ಬಂದ ವಿಂಡೋಸ್ ಲೈಸೆನ್ಸು ಹಳೆಯ ಬೋರ್ಡಿಗೆ ಕಟ್ಟಿದ್ದು, ಅದು ಬೋರ್ಡಿನ ಜೊತೆಗೇ ಗುಜರಿಗೆ ಹೋಗುತ್ತದೆ. ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಹಳೆಯ ಡಿಸ್ಕನ್ನು ಮಾತ್ರ ಗುಜರಿಗೆ ಹಾಕಬೇಡಿ. ಕನ್ನಡ ವಿಶ್ವವಿದ್ಯಾಲಯದ ಯಾರದೋ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯ ಅದರಲ್ಲೇ ಇರುತ್ತದೆ, ಮತ್ತು ಅವರು ಬಂದು ಕೇಳುತ್ತಾರೆ.

ಹಂತ 9. ದುಡ್ಡು ಕೊಡುವ ಮುಂಚೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಅಂಗಡಿಯ ಟೇಬಲ್ಲಿನ ಮೇಲೆ ಜೋಡಿಸಲು ಹೇಳಿ, ಪರದೆ ಬೆಳಗುವುದನ್ನು ಕಣ್ಣಾರೆ ನೋಡಿ. "ಎಲ್ಲಾ ಹೊಸಾದ್ ಐತಿ, ಯಾಕ್ ನೋಡ್ತೀರಿ?" ಎಂದರೆ, ಹೊಸದಾದ್ದರಿಂದಲೇ ನೋಡುತ್ತೇನೆ ಎನ್ನಿ. ಸಾಕೆಟ್ಟಿನ ಕರಿ ಪ್ಲಾಸ್ಟಿಕ್ ಮುಚ್ಚಳವನ್ನು ಕೇಳಿ ಇಸಕೊಳ್ಳಿ. ಬೋರ್ಡನ್ನು ವಾರಂಟಿಗೆ ಕಳಿಸುವ ದಿನ ಅದು ಬೇಕು. ಕೊನೆಗೆ ಬಿಲ್ಲು. ಬಿಳಿ ಚೀಟಿ ನಡೆಯುವುದಿಲ್ಲ. ಜಿಎಸ್‌ಟಿ ಬಿಲ್ಲಿನ ಮೇಲೆ ಬೋರ್ಡಿನ ಸೀರಿಯಲ್ ನಂಬರ್ ಬರೆಸಿ, ಅಂಗಡಿ ಬಾಗಿಲಲ್ಲೇ ಡಬ್ಬಿಯ ನಂಬರಿಗೆ ತಾಳೆ ನೋಡಿ. ಸಾಮಾನ್ಯವಾಗಿ ಸಿಗುವ ಮೂರು ವರ್ಷದ ವಾರಂಟಿಗೆ ಆ ಬಿಲ್ಲೇ ಆಧಾರ.